ಕೋಳಿಭ್ರೂಣದ ಕಪಾಲನರಗಳ ಪಥಾನ್ವೇಷಣೆ

21 ದಿನಗಳ ಕಾವು ಮುಗಿದು ಕೋಳಿಮರಿ ಚಿಪ್ಪನ್ನೊಡೆದು ಹೊರಬರುವ ಹೊತ್ತಿಗೆ ಅದು ಕಣ್ಣನ್ನು ಹೊರಳಿಸಬಲ್ಲದು, ಕೊಕ್ಕನ್ನು ತೆರೆದು ಮುಚ್ಚಬಲ್ಲದು, ಕಾಳನ್ನು ನುಂಗಬಲ್ಲದು, ತಾಯಿಯ ಕೂಗನ್ನು ಕೇಳಿ ಆ ದಿಕ್ಕಿಗೆ ತಲೆಯನ್ನು ತಿರುಗಿಸಬಲ್ಲದು. ಇವುಗಳಲ್ಲಿ ಯಾವುದನ್ನೂ ಅದು ಹೊರಗೆ ಬಂದಮೇಲೆ ಕಲಿತುದಲ್ಲ. ಕಣ್ಣಿನ ಒಂದೊಂದು ಸ್ನಾಯುವಿಗೂ ದವಡೆಗೂ ನಾಲಗೆಗೂ ಒಳಗಿವಿಗೂ ಮಿದುಳಿನಿಂದ ಹೊರಟ ತಂತುಗಳು ಚಿಪ್ಪಿನ ಕತ್ತಲೆಯಲ್ಲಿಯೇ ತಮ್ಮ ತಮ್ಮ ಸ್ಥಾನಗಳನ್ನು ಸೇರಿ ಕೆಲಸಕ್ಕೆ ಸಿದ್ಧವಾಗಿರುವುದರಿಂದಲೇ ಇದು ಸಾಧ್ಯವಾಗಿದೆ. ಹೊರಡುವ ಕಾಲಕ್ಕೆ ಆ ತಂತುವಿಗೆ ಕಣ್ಣಿಲ್ಲ, ಮುಂದೆ ನಡೆದವರ ಹೆಜ್ಜೆಯ ಗುರುತೂ ಇಲ್ಲ. ಅನೇಕ ವೇಳೆ ಅದು ಸೇರಬೇಕಾದ ಸ್ನಾಯು ಇನ್ನೂ ಸ್ನಾಯುವಾಗಿ ರೂಪುಗೊಂಡೂ ಇರುವುದಿಲ್ಲ. ಹಾಗಿರುವಾಗ ದವಡೆಗೆ ಹೋಗತಕ್ಕದ್ದು ದವಡೆಗೇ ಹೋಗಿ, ಕಣ್ಣಿಗೆ ಹೋಗತಕ್ಕದ್ದು ಕಣ್ಣಿಗೇ ಹೋಗಿ ಸೇರುವುದು ಯಾವ ನಿಯಮದಿಂದ ಎಂಬ ಪ್ರಶ್ನೆಯು ಭ್ರೂಣಶಾಸ್ತ್ರದ ಗಹನವಾದ ಪ್ರಶ್ನೆಗಳಲ್ಲಿ ಒಂದಾಗಿ ಒಂದೂವರೆ ಶತಮಾನದಿಂದ ವಿದ್ವಾಂಸರನ್ನು ಆಕರ್ಷಿಸಿದೆ. ಕಳೆದ ಕೆಲವು ದಶಕಗಳಲ್ಲಿ ಪ್ರತಿದೀಪ್ತಿಯುಳ್ಳ ವರ್ಣದ್ರವ್ಯಗಳು ಈ ಪ್ರಶ್ನೆಗೆ ಎಷ್ಟು ಉತ್ತರವನ್ನು ಕೊಟ್ಟಿವೆ, ಎಲ್ಲಿ ಅವುಗಳ ಮಾತು ನಿಂತುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಪಾಲನರಗಳ ಗಣನೆಯೇ ಸುಲಭವಾಗಿ ನಿಶ್ಚಯವಾದ ವಿಷಯವಲ್ಲ. ಪ್ರಾಚೀನ ವೈದ್ಯನಾದ ಗೇಲನ್ ಏಳು ಜೋಡಿಗಳನ್ನು ಎಣಿಸಿದ್ದನು. 1664ರಲ್ಲಿ ಥಾಮಸ್ ವಿಲ್ಲಿಸ್ ಒಂಬತ್ತನ್ನು ಎಣಿಸಿದನು. ಇಂದು ವೈದ್ಯವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಹನ್ನೆರಡು ಜೋಡಿಗಳ ಕ್ರಮವನ್ನು 1778ರಲ್ಲಿ ಸೊಮ್ಮರಿಂಗನು ಗೊತ್ತುಮಾಡಿದನು. ಈ ತೊಡಕಿಗೆ ಕಾರಣವುಂಟು. ಬೆನ್ನುಹುರಿಯಿಂದ ಹೊರಡುವ ನರಗಳು ಒಂದೇ ಮಾದರಿಯವು. ಪ್ರತಿಯೊಂದಕ್ಕೂ ಒಂದು ಜ್ಞಾನವಾಹಿ ಬೇರು, ಒಂದು ಕ್ರಿಯಾವಾಹಿ ಬೇರು. ತಲೆಯ ನರಗಳಾದರೋ ಒಂದರಂತೆ ಇನ್ನೊಂದಿಲ್ಲ. ಕೆಲವು ಶುದ್ಧ ಜ್ಞಾನವಾಹಿಗಳು, ಕೆಲವು ಶುದ್ಧ ಕ್ರಿಯಾವಾಹಿಗಳು, ಮತ್ತೆ ಕೆಲವು ಮಿಶ್ರ. ನಾಲ್ಕನೆಯ ನರವಾದ ಟ್ರಾಕ್ಲಿಯರ್ ಮಿದುಳಿನ ಬೆನ್ನಿನ ಕಡೆಯಿಂದ, ಅದೂ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ದಾಟಿ, ಹೊರಬರುತ್ತದೆ. ಹತ್ತನೆಯ ವೇಗಸ್ ನರವು ತಲೆಯನ್ನು ಬಿಟ್ಟು ಹೃದಯಕ್ಕೂ ಹೊಟ್ಟೆಗೂ ಇಳಿಯುತ್ತದೆ. ಬೆಳೆದ ಪ್ರಾಣಿಯಲ್ಲಿ ಅವ್ಯವಸ್ಥೆಯಂತೆ ಕಾಣುವ ಈ ರಚನೆಗೆ ಭ್ರೂಣದಲ್ಲಿ ಒಂದು ಸರಳವಾದ ವ್ಯವಸ್ಥೆ ಇರಬೇಕೆಂದು ಹತ್ತೊಂಬತ್ತನೆಯ ಶತಮಾನದ ಅಂಗರಚನಾಶಾಸ್ತ್ರಜ್ಞರು ನಂಬಿದ್ದರು. ಅವರ ನಂಬಿಕೆ ಸರಿಯಾಗಿತ್ತು; ಅದನ್ನು ತೋರಿಸುವ ಸಾಧನ ಮಾತ್ರ ಅವರಲ್ಲಿ ಇರಲಿಲ್ಲ.

ಈ ಅನ್ವೇಷಣೆಗೆ ಕೋಳಿಯ ಮೊಟ್ಟೆಯೇ ಏಕೆ ಕ್ಷೇತ್ರವಾಯಿತೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅರಿಸ್ಟಾಟಲನು ದಿನಕ್ಕೊಂದರಂತೆ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ದಿನ ಕಳೆದಾಗ ಮಿಡಿಯುವ ರಕ್ತಬಿಂದುವಾಗಿ ಹೃದಯ ಕಾಣಿಸುವುದನ್ನು ಬರೆದಿಟ್ಟನು. ಹದಿನೇಳನೆಯ ಶತಮಾನದಲ್ಲಿ ಮಾಲ್ಪಿಗಿಯು ಸೂಕ್ಷ್ಮದರ್ಶಕವನ್ನು ಹಿಡಿದು ಅದೇ ಮೊಟ್ಟೆಗೆ ಹಿಂದಿರುಗಿದನು. ಮೊಟ್ಟೆ ಅಗ್ಗ, ವರ್ಷವಿಡೀ ದೊರೆಯುವಂತಹುದು, ತಾಯಿಯ ಒಡಲಿನಿಂದ ಹೊರಗೆ ಬೆಳೆಯುವಂತಹುದು. 1951ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೊವರ್ಡ್ ಹ್ಯಾಮಿಲ್ಟನ್ ಎಂಬುವರು ಕಾವಿನ 21 ದಿನಗಳನ್ನು ಗಂಟೆಗಳ ಲೆಕ್ಕದಿಂದ ಬಿಡಿಸಿ, ಭ್ರೂಣದ ಬಾಹ್ಯ ಲಕ್ಷಣಗಳನ್ನೇ ಆಧಾರವಾಗಿಟ್ಟುಕೊಂಡು 46 ಹಂತಗಳಾಗಿ ವಿಂಗಡಿಸಿದ ಮೇಲೆ, ಒಂದು ದೇಶದಲ್ಲಿ ನೋಡಿದುದನ್ನು ಇನ್ನೊಂದು ದೇಶದವರು ಅದೇ ಹಂತದಲ್ಲಿ ಪರೀಕ್ಷಿಸಿ ಒಪ್ಪುವುದೋ ಅಲ್ಲಗಳೆಯುವುದೋ ಸಾಧ್ಯವಾಯಿತು. ಇಂದಿಗೂ ಈ ವಿಷಯದ ಯಾವ ಪ್ರಬಂಧವೂ ಆ ಹಂತಗಳ ಹೆಸರೆತ್ತದೆ ಮುಂದುವರಿಯುವುದಿಲ್ಲ.

ನರತಂತುವನ್ನು ಮೊದಲು ಕಣ್ಣಿಗೆ ಕಾಣುವಂತೆ ಮಾಡಿದ್ದು ಬೆಳ್ಳಿ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಕ್ರೋಮೇಟಿನ ವರ್ಣನಕ್ರಮದಲ್ಲಿ ಸಾವಿರಾರು ಕೋಶಗಳ ನಡುವೆ ಯಾವುದೋ ಕೆಲವು ಮಾತ್ರ ಅಡಿಯಿಂದ ಮುಡಿಯವರೆಗೆ ಕಪ್ಪಾಗಿ ಎದ್ದು ಕಾಣುತ್ತಿದ್ದುವು. ಸ್ಪೇಯಿನಿನ ರಮೋನ್ ಇ ಕಾಹಾಲ್ ಈ ಕ್ರಮವನ್ನು ತೆಗೆದುಕೊಂಡು, ಬೆಳೆದ ಮಿದುಳಿನ ದಟ್ಟವಾದ ಅರಣ್ಯವನ್ನು ಬಿಟ್ಟು, ತಂತುಗಳಿನ್ನೂ ವಿರಳವಾಗಿರುವ ಭ್ರೂಣಗಳ ಕಡೆಗೆ ತಿರುಗಿದನು. ಇದು ಅವನ ಪ್ರತಿಭೆಯ ನಿಜವಾದ ಗುರುತು. 1890ರಲ್ಲಿ ಕೋಳಿಭ್ರೂಣದ ಬೆನ್ನುಹುರಿಯಲ್ಲಿ, ಬೆಳೆಯುತ್ತಿರುವ ತಂತುವಿನ ತುದಿಯಲ್ಲಿ ಶಂಕುವಿನ ಆಕಾರದ ಒಂದು ಉಬ್ಬನ್ನು ಕಂಡು ಅದಕ್ಕೆ ವರ್ಧನಶಂಕುವೆಂದು ಹೆಸರಿಟ್ಟನು. ತಾನು ನೋಡುತ್ತಿದ್ದುದು ಸತ್ತ ಅಂಗಾಂಶದ ತೆಳುವಾದ ಹೋಳನ್ನಾದರೂ, ಅದು ಜೀವದಿಂದಿರುವಾಗ ಚಲಿಸುತ್ತ, ಎದುರಿಗಿರುವ ದಾರಿಯನ್ನು ತಡವುತ್ತ ಸಾಗುವ ಅಂಗವಾಗಿರಬೇಕೆಂದು ಅವನು ಊಹಿಸಿದನು. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರ ಅಂಗಾಂಶವನ್ನು ದುಗ್ಧರಸದ ಹನಿಯಲ್ಲಿ ಬೆಳೆಸಿ, ಆ ತುದಿ ಚಲಿಸುವುದನ್ನು ಕಣ್ಣಾರೆ ಕಂಡಾಗ ಕಾಹಾಲನ ಊಹೆ ಸಿದ್ಧವಾಯಿತು.

ಆದರೆ ಬೆಳ್ಳಿಗೆ ಒಂದು ದೊಡ್ಡ ಕೊರತೆಯಿತ್ತು. ಅದು ತನಗೆ ಬೇಕಾದ ಕೋಶವನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಅಥವಾ ಮುಂದೆ ಬಂದ ಸುಧಾರಿತ ಕ್ರಮಗಳಲ್ಲಿ ಎಲ್ಲವನ್ನೂ ಒಂದೇ ಸಮನಾಗಿ ಬಣ್ಣಕಟ್ಟುತ್ತಿತ್ತು. ಸಂಶೋಧಕನು ‘ಈ ನರದೊಳಗಿನ ತಂತುಗಳು ಮಿದುಳಿನ ಯಾವ ಕೋಶಗಳಿಂದ ಹೊರಟುವು?’ ಎಂದು ತಾನಾಗಿ ಕೇಳುವ ಉಪಾಯ ಇರಲಿಲ್ಲ. 1970ರ ಸುಮಾರಿಗೆ ಆ ಉಪಾಯ ದೊರೆಯಿತು. ನರತಂತುವಿನೊಳಗೆ ದ್ರವ್ಯಗಳು ತುದಿಯಿಂದ ಕೋಶದ ಕಡೆಗೂ ಕೋಶದಿಂದ ತುದಿಯ ಕಡೆಗೂ ಸಾಗುತ್ತಲೇ ಇರುತ್ತವೆ. ಆ ಸಾಗಾಣಿಕೆಯಲ್ಲಿ ಮೂಲಂಗಿ ಜಾತಿಯ ಹಾರ್ಸ್‌ರ‍್ಯಾಡಿಶ್ ಎಂಬ ಗಡ್ಡೆಯ ಪೆರಾಕ್ಸಿಡೇಸ್ ಕಿಣ್ವವನ್ನು ಸೇರಿಸಿಬಿಟ್ಟರೆ ಅದು ಹಿಮ್ಮುಖವಾಗಿ ಹೋಗಿ ಕೋಶದಲ್ಲಿ ಸಂಗ್ರಹವಾಗುತ್ತದೆ, ಬಳಿಕ ಅದನ್ನು ರಾಸಾಯನಿಕ ಕ್ರಿಯೆಯಿಂದ ಕಂದುಬಣ್ಣವಾಗಿ ತೋರಿಸಬಹುದು. 1972ರಲ್ಲಿ ಲವೇಲ್ ದಂಪತಿಗಳು ಇದನ್ನು ಕೋಳಿಮರಿಯ ದೃಷ್ಟಿಪಥದಲ್ಲಿಯೇ ಮಾಡಿ ತೋರಿಸಿದರು. ಲಿನ್ ಲ್ಯಾಂಡ್ಮೆಸ್ಸರ್ ಮತ್ತು ಅವರ ಸಹೋದ್ಯೋಗಿಗಳು ಇದೇ ಕಿಣ್ವವನ್ನು ಹಿಡಿದು, ಕೋಳಿಭ್ರೂಣದ ಕಾಲಿನ ನರಗಳು ಮೊದಲಿನಿಂದಲೇ ತಪ್ಪಿಲ್ಲದೆ ತಮ್ಮ ಸ್ನಾಯುಗಳನ್ನು ಸೇರುವುದನ್ನೂ, ಬೆನ್ನುಹುರಿಯ ತುಂಡನ್ನು ಹಿಂದುಮುಂದಾಗಿ ತಿರುಗಿಸಿ ನೆಟ್ಟರೂ ಹತ್ತಿರದ ಅಂತರಗಳಲ್ಲಿ ಅವು ದಾರಿಯನ್ನು ಸರಿಪಡಿಸಿಕೊಳ್ಳುವುದನ್ನೂ ಸ್ಥಾಪಿಸಿದರು. ಆದರೆ ಕಿಣ್ವವನ್ನು ಸಾಗಿಸುವುದು ಜೀವಂತ ತಂತು ಮಾತ್ರ. ಅಂಗಾಂಶವನ್ನು ಗಂಟೆಗಟ್ಟಲೆ ಆಮ್ಲಜನಕವುಳ್ಳ ದ್ರಾವಣದಲ್ಲಿ ಬದುಕಿಸಿಡಬೇಕಾಗಿತ್ತು. ಎರಡು ಮೂರು ದಿನಗಳ ಭ್ರೂಣದ ಮಿದುಳಿನಂತಹ ಸುಕುಮಾರವಾದ ವಸ್ತುವಿನಲ್ಲಿ ಇದು ಕಷ್ಟಸಾಧ್ಯ.

ಪ್ರತಿದೀಪ್ತ ವರ್ಣಗಳ ಆಗಮನದ ಮಹತ್ತ್ವವು ಇಲ್ಲಿ ತಿಳಿಯುತ್ತದೆ. ಕಾರ್ಬೊಸಯನಿನ್ ವರ್ಗಕ್ಕೆ ಸೇರಿದ ಡೈಐ ಎಂಬ ವರ್ಣದ ಅಣುವಿಗೆ ಹದಿನೆಂಟು ಹದಿನೆಂಟು ಇಂಗಾಲದ ಪರಮಾಣುಗಳುಳ್ಳ ಎರಡು ಉದ್ದವಾದ ಬಾಲಗಳುಂಟು. ಈ ಬಾಲಗಳು ನೀರನ್ನು ದೂರವಿಟ್ಟು ಕೊಬ್ಬನ್ನು ಅರಸುವುವಾದ್ದರಿಂದ, ಕೋಶಕ್ಕೆ ತಗುಲಿದೊಡನೆಯೇ ಅಣುವು ಕೋಶದ ಪೊರೆಯಲ್ಲಿ ನಾಟಿಕೊಂಡು, ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಆ ಪೊರೆಯ ತಲದಲ್ಲಿಯೇ ಹರಡುತ್ತ ಹೋಗುತ್ತದೆ. ನೀರಿನಲ್ಲಿ ಅದು ಬಹುಮಟ್ಟಿಗೆ ಬೆಳಗುವುದಿಲ್ಲ. ಪೊರೆಯನ್ನು ಸೇರಿದಮೇಲೆ ಹಸುರು ಬೆಳಕನ್ನು ಹಾಯಿಸಿದರೆ ಕಿತ್ತಳೆಗೆಂಪಾಗಿ ಪ್ರಜ್ವಲಿಸುತ್ತದೆ. ಇದರ ಸೋದರವರ್ಣವಾದ ಡೈಓ ನೀಲಿ ಬೆಳಕಿಗೆ ಹಸುರಾಗಿ ಬೆಳಗುತ್ತದೆ. 1986ರಲ್ಲಿ ಮಾರ್ಸಿಯಾ ಹೋನಿಗ್ ಮತ್ತು ರಿಚರ್ಡ್ ಹ್ಯೂಮ್ ಕೋಳಿಭ್ರೂಣದ ನರಕೋಶಗಳನ್ನು ಈ ವರ್ಣಗಳಿಂದ ಗುರುತಿಸಿ ವಾರಗಟ್ಟಲೆ ಕೃಷಿಪಾತ್ರೆಯಲ್ಲಿ ಬೆಳೆಸಿ, ವರ್ಣವು ಕೋಶಕ್ಕೆ ಹಾನಿಮಾಡುವುದಿಲ್ಲವೆಂದೂ ಪಕ್ಕದ ಕೋಶಕ್ಕೆ ಸುಲಭವಾಗಿ ಹರಿಯುವುದಿಲ್ಲವೆಂದೂ ತೋರಿಸಿದರು. ಮರುವರ್ಷ, 1987ರಲ್ಲಿ, ಗೊಡೆಮಾಂ, ಬೊನ್‌ಹೋಫರ್ ಮತ್ತು ಅವರ ಸಂಗಡಿಗರು ಇನ್ನೂ ಆಶ್ಚರ್ಯಕರವಾದ ಒಂದು ಸಂಗತಿಯನ್ನು ಪ್ರಕಟಿಸಿದರು: ಈ ವರ್ಣವು ಫಾರ್ಮಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿದ, ಅಂದರೆ ಸತ್ತ, ಅಂಗಾಂಶದಲ್ಲಿಯೂ ತಂತುವಿನುದ್ದಕ್ಕೂ ಹರಿಯುತ್ತದೆ. ಫಾರ್ಮಾಲ್ಡಿಹೈಡು ಪ್ರೋಟೀನುಗಳನ್ನು ಬಂಧಿಸುವುದೇ ಹೊರತು ಪೊರೆಯ ಲಿಪಿಡ್ಡುಗಳನ್ನು ಅಷ್ಟಾಗಿ ಬಂಧಿಸುವುದಿಲ್ಲವಾದ್ದರಿಂದ, ಜೀವ ಹೋದಮೇಲೂ ಪೊರೆ ಒಂದು ತೆರೆದ ಮಾರ್ಗವಾಗಿಯೇ ಉಳಿದಿರುತ್ತದೆ. ಜೀವಂತ ಸಾಗಾಣಿಕೆಯ ಹಂಗೇ ಇಲ್ಲದೆ, ಭ್ರೂಣವನ್ನು ತನಗೆ ಬೇಕಾದ ಗಳಿಗೆಯಲ್ಲಿ ನಿಲ್ಲಿಸಿ, ಬಿಡುವಾಗಿ ಪ್ರಶ್ನೆ ಕೇಳುವ ಅನುಕೂಲ ಸಂಶೋಧಕನಿಗೆ ಮೊದಲ ಬಾರಿ ದೊರೆತದ್ದು ಹೀಗೆ. ಈ ಕಾಲದ ನರಭ್ರೂಣಶಾಸ್ತ್ರದಲ್ಲಿ ಇದಕ್ಕಿಂತ ಉಪಕಾರಿಯಾದ ಸಾಧನ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಕೆಲಸದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೀವಂತ ಭ್ರೂಣದಲ್ಲಿ ಪ್ರಯೋಗ ಮಾಡುವುದಾದರೆ, ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದ ಕಾವುಪೆಟ್ಟಿಗೆಯಲ್ಲಿ ಒಂದೂವರೆ ದಿನ ಇಟ್ಟ ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, ಮೊಂಡು ತುದಿಯಲ್ಲಿ ಸೂಜಿ ಚುಚ್ಚಿ ಎರಡು ಮೂರು ಮಿಲಿಲೀಟರಿನಷ್ಟು ಬಿಳಿಲೋಳೆಯನ್ನು ಹೀರಿ ತೆಗೆಯುತ್ತಾರೆ. ಇದರಿಂದ ಹಳದಿಯೂ ಅದರ ಮೇಲೆ ತೇಲುವ ಭ್ರೂಣವೂ ಚಿಪ್ಪನ್ನು ಬಿಟ್ಟು ಕೆಳಗಿಳಿಯುತ್ತವೆ. ಆಗ ಮೇಲ್ಭಾಗದ ಚಿಪ್ಪನ್ನು ಕತ್ತರಿಸಿ ಕಿಟಕಿಯನ್ನು ತೆರೆದರೆ ಭ್ರೂಣಕ್ಕೆ ಪೆಟ್ಟಾಗದು. ಹಳದಿಯ ಮೇಲೆ ಪಾರದರ್ಶಕವಾದ ಭ್ರೂಣ ಕಣ್ಣಿಗೆ ಗೋಚರಿಸುವುದು ಕಷ್ಟವಾದ್ದರಿಂದ, ಅದರ ಅಡಿಗೆ ಉಪ್ಪುನೀರಿನಲ್ಲಿ ತೆಳುಮಾಡಿದ ಕಪ್ಪುಶಾಯಿಯನ್ನು ಒಂದಿಷ್ಟು ಸೇರಿಸುತ್ತಾರೆ. ಆಗ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಗೆ ಮಿದುಳಿನ ಕೊಳವೆಯೂ ಅದರ ಇಕ್ಕೆಲಗಳಲ್ಲಿ ಕಿವಿಯ ಕುಳಿಗಳೂ ಬೆನ್ನಿನುದ್ದಕ್ಕೂ ಜೋಡಿಜೋಡಿಯಾದ ಖಂಡಗಳೂ ಸ್ಪಷ್ಟವಾಗುತ್ತವೆ. ಕೂದಲಿಗಿಂತ ನವುರಾಗಿ ಎಳೆದ ಗಾಜಿನ ನಳಿಕೆಯ ತುದಿಯಿಂದ, ಮದ್ಯಸಾರದಂತಹ ದ್ರವದಲ್ಲಿ ಕರಗಿಸಿದ ವರ್ಣದ ಅತ್ಯಲ್ಪವಾದ ಬಿಂದುವನ್ನು ಬೇಕಾದೆಡೆ ಹೊಗಿಸಿ, ಕಿಟಕಿಗೆ ಅಂಟುಪಟ್ಟಿಯನ್ನು ಹಾಕಿ ಮುಚ್ಚಿ, ಮೊಟ್ಟೆಯನ್ನು ಮತ್ತೆ ಕಾವಿಗೆ ಇಡುತ್ತಾರೆ. ಸ್ಥಿರಗೊಳಿಸಿದ ಭ್ರೂಣದಲ್ಲಾದರೆ ಕೆಲಸ ಇದಕ್ಕಿಂತ ನಿರಾತಂಕ: ಮೂರು ಅಥವಾ ನಾಲ್ಕು ದಿನದ ಭ್ರೂಣವನ್ನು ಶೇಕಡಾ ನಾಲ್ಕರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿಟ್ಟು, ದವಡೆಯಾಗಲಿರುವ ಮೊದಲನೆಯ ಕಿವಿರುಕಮಾನಿನಲ್ಲಿಯೋ ನರದ ಬುಡದಲ್ಲಿಯೋ ವರ್ಣವನ್ನು ಸೇರಿಸಿ, ಕತ್ತಲೆಯಲ್ಲಿ ಕೆಲವು ದಿನ ಬಿಡುತ್ತಾರೆ. ಬಳಿಕ ಹಿಂಮಿದುಳನ್ನು ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕವನ್ನು ತೆರೆದಿಟ್ಟ ಹಾಗೆ ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಮಾನಿನಿಂದ ಹಿಂದಕ್ಕೆ ಹರಿದ ವರ್ಣವು ನರದ ಬುಡದ ಮೂಲಕ ಒಳಹೊಕ್ಕು, ಆ ನರಕ್ಕೆ ಸೇರಿದ ಕೋಶಗಳನ್ನು ಒಂದೊಂದಾಗಿ ಬೆಳಗಿಸಿರುವುದು ಕಾಣುತ್ತದೆ. ಬೇರೆ ನರಗಳ ಕೋಶಗಳು ಪಕ್ಕದಲ್ಲಿಯೇ ಇದ್ದರೂ ಕತ್ತಲೆಯಲ್ಲಿಯೇ ಉಳಿದಿರುತ್ತವೆ.

ಹೀಗೆ ಹರಡಿಟ್ಟ ಹಿಂಮಿದುಳಿನಲ್ಲಿ ಕಂಡ ಚಿತ್ರವೇ ಈ ಕ್ಷೇತ್ರದ ಅತ್ಯುತ್ತಮ ಫಲ. ಭ್ರೂಣದ ಹಿಂಮಿದುಳಿನಲ್ಲಿ ಅಡ್ಡಡ್ಡಲಾಗಿ ಉಬ್ಬುಗಳ ಸಾಲೊಂದು ಕೆಲಕಾಲ ಕಾಣಿಸಿಕೊಂಡು ಮರೆಯಾಗುವುದನ್ನು ಫಾನ್ ಬೇರ್ 1828ರಷ್ಟು ಹಿಂದೆಯೇ ಗಮನಿಸಿದ್ದನು. 1887ರಲ್ಲಿ ಓರ್ ಎಂಬಾತನು ಹಲ್ಲಿಯ ಭ್ರೂಣದಲ್ಲಿ ಅವುಗಳನ್ನು ವಿವರವಾಗಿ ವರ್ಣಿಸಿದನು. ಆದರೆ ಇವು ನಿಜವಾದ ಖಂಡಗಳೇ, ಅಥವಾ ಬೆಳೆಯುವ ಕೊಳವೆ ಬಾಗುವಾಗ ಬೀಳುವ ಮಡಿಕೆಗಳೇ ಎಂಬ ವಿವಾದ ನೂರು ವರ್ಷಗಳ ಕಾಲ ತೀರದೆ ಉಳಿದಿತ್ತು. ಅನೇಕರು ಇದನ್ನು ಕೈಬಿಟ್ಟೂ ಇದ್ದರು. 1989ರಲ್ಲಿ ಲಂಡನ್ನಿನ ಆಂಡ್ರ್ಯೂ ಲಮ್ಸ್‌ಡೆನ್ ಮತ್ತು ಕೇಂಬ್ರಿಡ್ಜಿನ ರೋಜರ್ ಕೇನ್ಸ್ ಕೋಳಿಭ್ರೂಣದಲ್ಲಿ ನರಕೋಶಗಳು ಹುಟ್ಟುವ ಕ್ರಮವನ್ನೂ ಅವುಗಳ ತಂತುಗಳ ಪಥವನ್ನೂ ಪಥಸೂಚಕ ದ್ರವ್ಯಗಳ ನೆರವಿನಿಂದ ಗುರುತಿಸಿದಾಗ ವಿವಾದ ಮುಗಿಯಿತು. ರಾಂಬೊಮಿಯರ್ ಎಂದು ಕರೆಯಲ್ಪಡುವ ಈ ಖಂಡಗಳು ಎರಡೆರಡಾಗಿ ಒಂದೊಂದು ನರಕ್ಕೆ ಮೀಸಲಾಗಿವೆ. ದವಡೆಗೆ ಹೋಗುವ ಐದನೆಯ ನರವಾದ ಟ್ರೈಜೆಮಿನಲ್‌ನ ಕ್ರಿಯಾವಾಹಿ ಕೋಶಗಳು ಎರಡು ಮತ್ತು ಮೂರನೆಯ ಖಂಡಗಳಲ್ಲಿ; ಮುಖದ ಏಳನೆಯ ನರದವು ನಾಲ್ಕು ಮತ್ತು ಐದರಲ್ಲಿ; ಗಂಟಲಿನ ಒಂಬತ್ತನೆಯ ನರದವು ಆರು ಮತ್ತು ಏಳರಲ್ಲಿ. ಹೊರಹೋಗುವ ದ್ವಾರಗಳಾದರೋ ಸಮಸಂಖ್ಯೆಯ ಖಂಡಗಳಲ್ಲಿ, ಎಂದರೆ ಎರಡು, ನಾಲ್ಕು ಮತ್ತು ಆರರಲ್ಲಿ ಮಾತ್ರ ಇವೆ. ಆದುದರಿಂದ ಸಮಖಂಡದ ಕೋಶದ ತಂತು ನೇರವಾಗಿ ಪಕ್ಕಕ್ಕೆ ನಡೆದು ಹೊರಬಿದ್ದರೆ, ಮೂರರ ಮತ್ತು ಐದರ ಕೋಶಗಳ ತಂತುಗಳು ಮೊದಲು ಪಕ್ಕಕ್ಕೆ ಸಾಗಿ, ಬಳಿಕ ಮುಂದಕ್ಕೆ ತಿರುಗಿ, ಖಂಡದ ಗಡಿಯನ್ನು ದಾಟಿ ಮುಂದಿನ ಖಂಡದ ದ್ವಾರವನ್ನು ಸೇರುತ್ತವೆ. ಕೋಶಗಳ ಜನನವೂ ಸಮಖಂಡಗಳಲ್ಲಿ ಮೊದಲು, ವಿಷಮಖಂಡಗಳಲ್ಲಿ ತರುವಾಯ. ಈ ದ್ವಾರಗಳ ಎದುರಿಗೆ ಮೊದಲನೆಯ, ಎರಡನೆಯ, ಮೂರನೆಯ ಕಿವಿರುಕಮಾನುಗಳು ಅದೇ ಕ್ರಮದಲ್ಲಿ ಇರುವುದನ್ನು ನೆನೆದರೆ, ಬೆಳೆದ ತಲೆಯಲ್ಲಿ ಯಾರಿಗೂ ಅರ್ಥವಾಗದಿದ್ದ ನರಗಳ ಗೊಂದಲದ ಹಿಂದೆ ಇಷ್ಟು ಸರಳವಾದ ಗಣಿತ ಇದ್ದುದನ್ನು ಕಂಡು ಸಂತೋಷವಾಗದೆ ಇರದು.

ಖಂಡಗಳು ಕೋಶಗಳಿಗೂ ಗಡಿಗಳೇ ಎಂಬುದು ಮರುವರ್ಷ ತಿಳಿಯಿತು. ಸ್ಕಾಟ್ ಫ್ರೇಸರ್, ಕೇನ್ಸ್ ಮತ್ತು ಲಮ್ಸ್‌ಡೆನ್ ಈ ಕೆಲಸಕ್ಕೆ ಡೈಐಯನ್ನು ಬಿಟ್ಟು, ಪ್ರತಿದೀಪ್ತ ವರ್ಣವನ್ನು ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ದೊಡ್ಡ ಅಣುವನ್ನು ಒಂದೇ ಒಂದು ಕೋಶದ ಒಳಕ್ಕೆ ಹೊಗಿಸಿದರು. ಆ ಅಣು ಪೊರೆಯನ್ನು ದಾಟಲಾರದು, ಕೋಶ ವಿಭಜನೆಯಾದಾಗ ಸಂತತಿಗೆ ಮಾತ್ರ ಹಂಚಿಹೋಗುತ್ತದೆ. ಖಂಡಗಳ ಗಡಿ ಮೂಡುವುದಕ್ಕೆ ಮೊದಲು ಗುರುತಿಸಿದ ಕೋಶದ ಸಂತತಿ ಎರಡು ಖಂಡಗಳಲ್ಲಿ ಹರಡಬಹುದಾಗಿತ್ತು; ಗಡಿ ಮೂಡಿದಮೇಲೆ ಗುರುತಿಸಿದುದರ ಸಂತತಿ ಗಡಿಯವರೆಗೆ ಬಂದು ನಿಂತಿತು. ಈ ನಿಯಮವನ್ನು ಕೆಲವರು ಅಲಂಘ್ಯವೆಂದು ಭಾವಿಸಿದರು. 1994ರಲ್ಲಿ ಬರ್ಗ್‌ಬಾವರ್ ಮತ್ತು ಫ್ರೇಸರ್ ಡೈಐಯಿಂದ ಅನೇಕ ಕೋಶಗಳನ್ನು ಒಟ್ಟಿಗೆ ಗುರುತಿಸಿ ನೋಡಿದಾಗ, ಕೆಲವು ಕೋಶಗಳು ಗಡಿಯನ್ನು ದಾಟುವುದು ಕಂಡುಬಂತು. ಒಂದು ಸಾಧನದಿಂದ ಸಿದ್ಧವಾದುದನ್ನು ಇನ್ನೊಂದರಿಂದ ಪರೀಕ್ಷಿಸುವ ಈ ಪದ್ಧತಿಯಿಂದ ನಿಯಮಕ್ಕೆ ಹಾನಿಯಾಗಲಿಲ್ಲ. ಅದರ ಬಿಗಿ ಎಷ್ಟೆಂಬುದು ಮಾತ್ರ ಗೊತ್ತಾಯಿತು.

ಇದಕ್ಕಿಂತ ತೀವ್ರವಾದ ಭಿನ್ನಾಭಿಪ್ರಾಯ ನರಶಿಖೆಯ ವಿಷಯದಲ್ಲಿ ಹುಟ್ಟಿತು. ಮಿದುಳಿನ ಕೊಳವೆ ಮುಚ್ಚಿಕೊಳ್ಳುವಾಗ ಅದರ ಬೆನ್ನಿನ ಅಂಚಿನಿಂದ ಕಳಚಿ ಹೊರಟುಹೋಗುವ ಕೋಶಗಳಿಗೆ ನರಶಿಖೆಯೆಂದು ಹೆಸರು; ಮುಖದ ಎಲುಬುಗಳಿಗೂ ಕಪಾಲನರಗಳ ಜ್ಞಾನಕೋಶಗಳ ಒಂದು ಪಾಲಿಗೂ ಇವೇ ಮೂಲ. 1991ರಲ್ಲಿ ಲಮ್ಸ್‌ಡೆನ್, ಸ್ಪ್ರಾಸನ್ ಮತ್ತು ಗ್ರಹಾಂ ಡೈಐಯ ಬಿಂದುಗಳನ್ನು ಖಂಡಖಂಡಕ್ಕೂ ಇಟ್ಟು ನೋಡಿ, ಈ ಕೋಶಗಳು ಸಮಖಂಡಗಳ ಎದುರಿನಿಂದ ಮೂರು ಪ್ರವಾಹಗಳಾಗಿ ಕಮಾನುಗಳಿಗೆ ಇಳಿಯುತ್ತವೆಂದೂ, ಮೂರು ಮತ್ತು ಐದನೆಯ ಖಂಡಗಳು ಬಹುಮಟ್ಟಿಗೆ ಬಂಜೆಯೆಂದೂ ಬರೆದರು. ಆ ಎರಡು ಖಂಡಗಳಲ್ಲಿ ಶಿಖೆಯ ಕೋಶಗಳು ಸತ್ತುಹೋಗುವುದೇ ಇದಕ್ಕೆ ಕಾರಣವೆಂದು 1993ರ ಅವರ ಮುಂದಿನ ಲೇಖನ ವಾದಿಸಿತು. ಅದೇ ವರ್ಷ ಸೆಕ್ರಿಸ್ಟ್, ಬ್ರೋನರ್-ಫ್ರೇಸರ್ ಮೊದಲಾದವರು ಅದೇ ವರ್ಣವನ್ನು ಅದೇ ಪ್ರಾಣಿಯಲ್ಲಿ ಬಳಸಿ, ಮೂರರಿಂದಲೂ ಐದರಿಂದಲೂ ಕೋಶಗಳು ಹೊರಡುತ್ತವೆ, ಆದರೆ ಎದುರಿಗೆ ನಡೆಯದೆ ಹಿಂದಕ್ಕೋ ಮುಂದಕ್ಕೋ ಸರಿದು ನೆರೆಯ ಪ್ರವಾಹಗಳನ್ನು ಸೇರಿಕೊಳ್ಳುತ್ತವೆ ಎಂದು ತೋರಿಸಿದರು. 1998ರಲ್ಲಿ ಕುಲೇಸಾ ಮತ್ತು ಫ್ರೇಸರ್ ಭ್ರೂಣವನ್ನು ಚಿಪ್ಪಿನಿಂದ ಹೊರಗೆ ಬೆಳೆಸಿ, ಬೆಳಗುವ ಕೋಶಗಳು ನಡೆಯುವುದನ್ನೇ ಚಲಚ್ಚಿತ್ರವಾಗಿ ಹಿಡಿದಾಗ ಈ ಎರಡನೆಯ ಪಕ್ಷಕ್ಕೆ ಬಲ ಬಂತು. ಕೆಲವು ಕೋಶಗಳು ಸಾಯುವುದೂ ನಿಜ, ಉಳಿದವು ಪಕ್ಕಕ್ಕೆ ಸರಿಯುವುದೂ ನಿಜ. ನಿಂತ ಚಿತ್ರವೊಂದನ್ನು ನೋಡಿ ಚಲನೆಯನ್ನು ಊಹಿಸುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೆ ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಜ್ಞಾನವಾಹಿ ತಂತುಗಳ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ತಲೆಯ ಜ್ಞಾನಕೋಶಗಳ ಗಂಟುಗಳಿಗೆ ತವರು ಎರಡು: ನರಶಿಖೆ, ಮತ್ತು ಪ್ಲಾಕೋಡುಗಳೆಂಬ ಹೊರಚರ್ಮದ ದಪ್ಪನಾದ ಬಿಲ್ಲೆಗಳು. ಟ್ರೈಜೆಮಿನಲ್ ಗಂಟಿನ ಈ ದ್ವಿಮೂಲವನ್ನು ಹ್ಯಾಂಬರ್ಗರ್ 1961ರಲ್ಲಿ ಶಸ್ತ್ರಕ್ರಿಯೆಯಿಂದ ತೋರಿಸಿದ್ದರು. ನಿಕೋಲ್ ಲ ದುವಾರಾಂ ರೂಪಿಸಿದ ಕ್ರಮದಂತೆ ಲಾವುಗೆಯ ಅಂಗಾಂಶವನ್ನು ಕೋಳಿಭ್ರೂಣಕ್ಕೆ ಕಸಿಮಾಡಿ, ಡಾಮಿಕೊ-ಮಾರ್ಟೆಲ್ ಮತ್ತು ನೋಡನ್ 1983ರಲ್ಲಿ ಎಲ್ಲ ಗಂಟುಗಳ ಲೆಕ್ಕವನ್ನೂ ಒಪ್ಪಿಸಿದರು. ಉಳಿದ ಪ್ರಶ್ನೆಯೆಂದರೆ, ಚರ್ಮದಲ್ಲಿ ಹುಟ್ಟಿದ ಕೋಶದ ತಂತು ಒಳಗಿನ ಮಿದುಳನ್ನು ಹೇಗೆ ಮುಟ್ಟೀತು ಎಂಬುದು. 2001ರಲ್ಲಿ ಬೆಗ್ಬಿ ಮತ್ತು ಗ್ರಹಾಂ ನರಶಿಖೆಯ ಪ್ರವಾಹವನ್ನು ತೆಗೆದುಹಾಕಿದಾಗ, ಪ್ಲಾಕೋಡಿನ ನರಕೋಶಗಳು ಹುಟ್ಟಿದುವಾದರೂ ಒಳಮುಖವಾಗಿ ಸಾಗಲಿಲ್ಲ, ಅವುಗಳ ತಂತುಗಳೂ ಹಿಂಮಿದುಳನ್ನು ಸರಿಯಾಗಿ ಸೇರಲಿಲ್ಲ. ಮಿದುಳಿನಿಂದ ಹೊರಗೆ ಇಳಿದ ಶಿಖೆಯ ಕೋಶಗಳು ನಡೆದ ದಾರಿಯನ್ನೇ ಹಿಡಿದು ಹೊರಗಿನ ತಂತುಗಳು ಒಳಗೆ ಬರುತ್ತವೆಂಬ ತೀರ್ಮಾನ ಇದರಿಂದ ಸಹಜವಾಗಿ ಬಂತು.

ಆದರೆ ವರ್ಣಗಳು ತೋರಿಸಿದ ಸಂಗತಿಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಕಿವಿಗೆ ಸಂಬಂಧಿಸಿದ ಒಂದು ಸಣ್ಣ ಕೋಶಸಮೂಹದ ನಡೆ. ಒಳಗಿವಿಯಿಂದ ಮಿದುಳಿಗೆ ಸುದ್ದಿ ಬರುವಂತೆಯೇ, ಮಿದುಳಿನಿಂದ ಒಳಗಿವಿಗೆ ಆಜ್ಞೆಯನ್ನು ಒಯ್ಯುವ ತಂತುಗಳೂ ಕೆಲವುಂಟು. ಅವುಗಳಲ್ಲೊಂದು ಪಾಲಿನ ಕೋಶಗಳು ತಾವು ಸೇವಿಸುವ ಕಿವಿಗೆ ಎದುರು ಪಾರ್ಶ್ವದಲ್ಲಿರುತ್ತವೆ. ಈ ತಂತುಗಳು ನಡುಗೆರೆಯನ್ನು ದಾಟಿ ಬೆಳೆದಿರಬೇಕೆಂದು ಭಾವಿಸುವುದು ಸ್ವಾಭಾವಿಕ. 1993ರಲ್ಲಿ ಸೈಮನ್ ಮತ್ತು ಲಮ್ಸ್‌ಡೆನ್ ಹಂತಹಂತವಾಗಿ ವರ್ಣವನ್ನು ಹರಿಸಿ ನೋಡಿದಾಗ ಸತ್ಯ ಬೇರೆಯೇ ಆಗಿತ್ತು. ನಾಲ್ಕನೆಯ ಖಂಡದಲ್ಲಿ ಹುಟ್ಟಿದ ಕೋಶವು ಮೊದಲು ತನ್ನ ಪಾರ್ಶ್ವದ ದ್ವಾರದಿಂದಲೇ ತಂತುವನ್ನು ಹೊರಗೆ ಕಳುಹಿಸುತ್ತದೆ. ಆಮೇಲೆ, ಆ ತಂತುವನ್ನು ಹಿಂದೆ ಎಳೆಯುತ್ತ, ಕೋಶದ ಒಡಲೇ ನಡುಗೆರೆಯನ್ನು ದಾಟಿ ಆಚೆಯ ಪಾರ್ಶ್ವಕ್ಕೆ ವಲಸೆಹೋಗುತ್ತದೆ. ಬೆಳೆದ ಪ್ರಾಣಿಯ ಚಿತ್ರವನ್ನು ಮಾತ್ರ ನೋಡಿದವರಿಗೆ ತಂತು ದಾಟಿದುದಕ್ಕೂ ಕೋಶ ದಾಟಿದುದಕ್ಕೂ ಯಾವ ವ್ಯತ್ಯಾಸವೂ ಕಾಣುವಂತಿಲ್ಲ. ಪಥವನ್ನು ತಿಳಿಯಬೇಕಾದರೆ ಗಮ್ಯವನ್ನು ನೋಡಿದರೆ ಸಾಲದು, ಹಂತಹಂತದ ಪ್ರಯಾಣವನ್ನೂ ನೋಡಬೇಕು. ಕೋಳಿಭ್ರೂಣವನ್ನು ಇದರಲ್ಲಿ ಮೀರಿಸುವ ಪ್ರಾಣಿಗಳು ಬಹಳವಿಲ್ಲ.

ಇಷ್ಟೆಲ್ಲ ಆದಮೇಲೂ ವರ್ಣವು ಹೇಳುವುದು ‘ಎಲ್ಲಿಂದ ಎಲ್ಲಿಗೆ’ ಎಂಬುದನ್ನು ಮಾತ್ರ. ‘ಏಕೆ’ ಎಂಬುದನ್ನು ಅದು ತಾನಾಗಿ ಹೇಳಲಾರದು. ಕಾರಣವನ್ನು ಅರಿಯಲು ವ್ಯವಸ್ಥೆಯನ್ನು ಕೆಡಿಸಿ ನೋಡಬೇಕು, ಮತ್ತು ಕೆಡಿಸಿದುದರ ಪರಿಣಾಮವನ್ನು ವರ್ಣದಿಂದ ಓದಬೇಕು. ಸಾರಾ ಗತ್ರಿ ಮತ್ತು ಲಮ್ಸ್‌ಡೆನ್ 1992ರಲ್ಲಿ ಖಂಡಗಳನ್ನು ಕತ್ತರಿಸಿ ಹಿಂದುಮುಂದಾಗಿ ನೆಟ್ಟು ತಂತುಗಳ ನಡೆಯನ್ನು ಪರೀಕ್ಷಿಸಿದರು. ಇಂತಹ ಪ್ರಯೋಗಗಳು ನಿರ್ಗಮದ್ವಾರಗಳ ಪ್ರಭಾವದ ಕಡೆಗೆ ಕೈತೋರಿದುವು. 1995ರಲ್ಲಿ ಗತ್ರಿ ಮತ್ತು ಪಿನಿ, ನಡುಗೆರೆಯ ತಳಫಲಕವನ್ನು ಕಲಾಜನ್ ಜೆಲ್ಲಿಯಲ್ಲಿ ಕ್ರಿಯಾವಾಹಿ ಕೋಶಗಳ ಬಳಿ ಇಟ್ಟು ಬೆಳೆಸಿದಾಗ ತಂತುಗಳು ಅದರಿಂದ ದೂರಕ್ಕೆ ತಿರುಗಿದುವು: ತಳಫಲಕವು ಅವುಗಳನ್ನು ವಿಕರ್ಷಿಸುತ್ತದೆ. ಅದಕ್ಕೆ ಹಿಂದಿನ ವರ್ಷವಷ್ಟೇ ಸಾವಿರಾರು ಕೋಳಿಭ್ರೂಣಗಳ ಮಿದುಳುಗಳಿಂದ ನೆಟ್ರಿನ್ ಎಂಬ ಪ್ರೋಟೀನನ್ನು ಶುದ್ಧೀಕರಿ‌ಸಲಾಗಿತ್ತು. ಬೆನ್ನುಹುರಿಯಲ್ಲಿ ಕೆಲವು ತಂತುಗಳನ್ನು ತಳಫಲಕದ ಕಡೆಗೆ ಸೆಳೆಯುವ ಇದೇ ಪ್ರೋಟೀನು, ಮೇಲೆ ಹೇಳಿದ ಟ್ರಾಕ್ಲಿಯರ್ ನರದ ತಂತುಗಳನ್ನು ದೂರ ನೂಕುತ್ತದೆಂದು ತಿಳಿದುಬಂದಾಗ, ಆ ನರ ಮಿದುಳಿನ ಬೆನ್ನಿನ ಕಡೆಗೇ ಏಕೆ ಹೊರಡುವುದೆಂಬ ಹಳೆಯ ಸಮಸ್ಯೆಗೂ ಒಂದು ದಾರಿ ತೋರಿತು. ಇವೆಲ್ಲಕ್ಕೂ ಹಿಂದೆ ಖಂಡದ ಸ್ವಂತ ವ್ಯಕ್ತಿತ್ವವಿದೆ. ನಾಲ್ಕನೆಯ ಖಂಡಕ್ಕೆ ವಿಶಿಷ್ಟವಾದ ಹಾಕ್ಸ್-ಬಿ1 ಎಂಬ ಜೀನನ್ನು 1999ರಲ್ಲಿ ಬೆಲ್, ವಿಂಗೇಟ್ ಮತ್ತು ಲಮ್ಸ್‌ಡೆನ್ ಕೋಳಿಭ್ರೂಣದ ಎರಡನೆಯ ಖಂಡದಲ್ಲಿ ಕ್ರಿಯಾಶೀಲವಾಗಿಸಿದರು. ಅಲ್ಲಿಯ ಕೋಶಗಳು ದವಡೆಯ ಕಮಾನನ್ನು ಬಿಟ್ಟು, ನಾಲ್ಕನೆಯ ಖಂಡದವುಗಳಂತೆ ಎರಡನೆಯ ಕಮಾನಿಗೆ ತಂತುಗಳನ್ನು ಕಳುಹಿಸಿದುವು. ದಾರಿಯಲ್ಲಿರುವ ಸೂಚನೆಗಳು ಎಲ್ಲರಿಗೂ ಸಮಾನವಾದರೂ, ಯಾವ ಸೂಚನೆಯನ್ನು ಲಕ್ಷಿಸಬೇಕೆಂಬುದು ಕೋಶಕ್ಕೆ ಹುಟ್ಟಿನಿಂದ ಬಂದಿರುತ್ತದೆಂದು ಇದರಿಂದ ಹೇಳಬಹುದು.

ವರ್ಣದ ದೋಷಗಳನ್ನೂ ಮುಚ್ಚಿಡಬಾರದು. ವ್ಯಾಪನದ ನಿಯಮದಂತೆ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಭ್ರೂಣದ ಒಂದೆರಡು ಮಿಲಿಮೀಟರಿಗೆ ದಿನಗಳು ಸಾಕಾದರೆ, ಬೆಳೆದ ಮಿದುಳಿಗೆ ತಿಂಗಳುಗಳು ಬೇಕು. ಬಿಂದು ಸ್ವಲ್ಪ ದೊಡ್ಡದಾದರೆ ಅದು ಪಕ್ಕದ ನರಕ್ಕೂ ತಗುಲಿ, ಇಲ್ಲದ ಸಂಬಂಧವನ್ನು ಇದೆಯೆಂದು ಸಾರುತ್ತದೆ. ಪೊರೆಯನ್ನು ಕರಗಿಸುವ ಮಾರ್ಜಕಗಳೊಡನೆ ಅದು ಹೊಂದುವುದಿಲ್ಲ. ಆದುದರಿಂದ ಪ್ರತಿಕಾಯಗಳ ಪರೀಕ್ಷೆಯನ್ನು ಅದರ ಜೊತೆಗೆ ನಡೆಸುವುದು ತೊಡಕು. ಬೆಳಕಿನಲ್ಲಿ ಅದು ಮಾಸುತ್ತದೆ. ಒಂದೆರಡು ದಿನಗಳಲ್ಲಿ ಜೀವಂತ ಭ್ರೂಣದೊಳಗೆ ತಂತುವನ್ನು ಓದಬೇಕಾದ ಕಡೆ, ನಾರ್ವೆಯ ಜೋಯೆಲ್ ಗ್ಲೋವರ್ ಮತ್ತು ಸಂಗಡಿಗರು 1986ರಲ್ಲಿ ಕೋಳಿಭ್ರೂಣಕ್ಕೆ ಅಳವಡಿಸಿದ ಪ್ರತಿದೀಪ್ತ ಡೆಕ್ಸ್‌ಟ್ರಾನುಗಳೇ ಹೆಚ್ಚು ಯೋಗ್ಯವೆಂದು ಅನೇಕರ ಅನುಭವ.

ಈಚೆಗೆ ವಿದ್ಯುತ್ತಿನ ಸ್ಪಂದನಗಳಿಂದ ಭ್ರೂಣದ ಮಿದುಳಿಗೆ ಜೀನುಗಳನ್ನು ಹೊಗಿಸಿ, ಲೋಳೆಮೀನಿನ ಹಸುರು ಪ್ರೋಟೀನನ್ನು ಕೋಶದಿಂದಲೇ ತಯಾರಿಸುವ ಉಪಾಯ ಬಂದಿರುವುದರಿಂದ, ಹಳೆಯ ವರ್ಣಗಳ ಕಾಲ ಮುಗಿಯಿತೆಂಬ ಮಾತು ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ. ಜೀನನ್ನು ಹೊಗಿಸಬೇಕಾದರೆ ಯಾವ ಕೋಶಕ್ಕೆ ಎಂಬುದು ಮೊದಲೇ ತಿಳಿದಿರಬೇಕು. ತಂತುವಿನ ತುದಿಯಿಂದ ಹೊರಟು ಅಜ್ಞಾತವಾದ ಕೋಶವನ್ನು ಹುಡುಕುವ ಕೆಲಸಕ್ಕೆ ಇಂದಿಗೂ ಡೈಐಯಷ್ಟು ಸುಲಭವಾದ, ಅಗ್ಗವಾದ ಸಾಧನವಿಲ್ಲ. ಎರಡೂ ಕ್ರಮಗಳು ಕೂಡಿದಾಗ ಎಂತಹ ಫಲ ಬರುವುದೆಂಬುದಕ್ಕೆ ಡ್ಯುವೇನ್ ರೋಗವೇ ಸಾಕ್ಷಿ. ಕಣ್ಣನ್ನು ಹೊರಕ್ಕೆ ಹೊರಳಿಸುವ ಆರನೆಯ ನರ ಸರಿಯಾಗಿ ಬೆಳೆಯದೆ, ಆ ಸ್ನಾಯುವಿಗೆ ಮೂರನೆಯ ನರದ ಶಾಖೆ ದಾರಿತಪ್ಪಿ ಬಂದು ಸೇರುವುದರಿಂದ ಹುಟ್ಟಿನಿಂದಲೇ ಕಣ್ಣಿನ ಚಲನೆ ಕುಂಠಿತವಾಗುವ ಈ ರೋಗಕ್ಕೆ, ಕೆಲವು ಕುಟುಂಬಗಳಲ್ಲಿ ಸಿಎಚ್‌ಎನ್1 ಎಂಬ ಜೀನಿನ ವಿಕಾರವೇ ಕಾರಣವೆಂದು 2008ರಲ್ಲಿ ಪ್ರಕಟವಾಯಿತು. ಆ ಜೀನಿನ ಪ್ರೋಟೀನನ್ನು ಕೋಳಿಭ್ರೂಣದ ಮೂರನೆಯ ನರದ ಕೋಶಗಳಲ್ಲಿ ಅತಿಯಾಗಿ ಉತ್ಪಾದಿಸಿದಾಗ ತಂತುಗಳು ದಾರಿಯ ನಡುವೆಯೇ ನಿಂತುಬಿಟ್ಟುದು ಅದೇ ಲೇಖನದ ಪ್ರಮಾಣಗಳಲ್ಲಿ ಒಂದು. ಮನುಷ್ಯನ ಮಗುವಿನ ಕಣ್ಣಿನ ರೋಗವೊಂದರ ಕಾರಣವನ್ನು ನಿಶ್ಚಯಿಸಲು ಕೋಳಿಮೊಟ್ಟೆ ನೆರವಾದುದು, ನೂರು ವರ್ಷಗಳಿಂದ ಸಂಶೋಧಕರು ಆ ಮೊಟ್ಟೆಯೊಳಗಿನ ದಾರಿಗಳನ್ನು ಸಹನೆಯಿಂದ ಗುರುತುಮಾಡಿಟ್ಟಿದ್ದುದರಿಂದಲೇ.

ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಗಳಲ್ಲಿ 33 ಗಂಟೆ, 48 ಗಂಟೆ, 72 ಗಂಟೆಗಳ ಕೋಳಿಭ್ರೂಣದ ಗಾಜುಫಲಕಗಳು ಬಹುಕಾಲದಿಂದ ಇವೆ. ವಿದ್ಯಾರ್ಥಿಗಳು ಅದರ ಚಿತ್ರವನ್ನು ಬರೆದು, ಹೃದಯಕ್ಕೂ ಕಣ್ಣಿಗೂ ಕಿವಿಗೂ ಹೆಸರು ಗುರುತಿಸಿ, ಫಲಕವನ್ನು ಹಿಂದಿರುಗಿಸಿಬಿಡುತ್ತಾರೆ. ಹಿಂಮಿದುಳಿನ ಅಂಚಿನಲ್ಲಿ ಕಾಣುವ ಸಣ್ಣ ಉಬ್ಬುತಗ್ಗುಗಳನ್ನೂ ಅವರು ಎಣಿಸುವಂತೆ, ಎರಡೆರಡು ಉಬ್ಬುಗಳಿಂದ ಒಂದೊಂದು ನರ ಹೇಗೆ ಹೊರಡುವುದೆಂದು ಕೇಳುವಂತೆ ಅಧ್ಯಾಪಕರು ಮಾಡಬೇಕೆಂದು ನನ್ನ ಪ್ರಾರ್ಥನೆ. ಅದಕ್ಕೆ ಹೊಸ ಯಂತ್ರ ಯಾವುದೂ ಬೇಕಾಗಿಲ್ಲ. ಈಗ ಮೇಜಿನ ಮೇಲಿರುವ ಸೂಕ್ಷ್ಮದರ್ಶಕವೇ ಸಾಕು.